ಟೊಪ್ಪಿಗಿ ಗುಳಿಗೆಯ ಖಾಲಿ ಟೊಪ್ಪಿಗೆಗಳನ್ನು ತೊಳೆದು ಮರಳಿಸುವ ಕುರಿತು

ಇಲಾಖೆ
(ಹೆಸರು ಮುಂಬಯಿ ಪದ್ಧತಿಯದಿರಬೇಕೋ ಮೈಸೂರು ಪದ್ಧತಿಯದಿರಬೇಕೋ ಇತ್ಯರ್ಥವಾಗುವವರೆಗೆ ಇಷ್ಟೇ)
ಹುಬ್ಬಳ್ಳಿ ವಿಭಾಗ

ಸುತ್ತೋಲೆ ಸಂಖ್ಯೆ: ಇ/ಕ್ಯಾ/ಟೊ/ಖಾಲಿ-೧೭/೬೩
ದಿನಾಂಕ: ೨೬ ಆಗಸ್ಟ್ ೧೯೬೩

ವಿಷಯ: ಶಕ್ತಿವರ್ಧಕ ಕ್ಯಾಪ್ಸೂಲುಗಳ ಹೊರಕವಚ, ಅವುಗಳೊಳಗಿನ ನಿಷ್ಕ್ರಿಯ ಪದಾರ್ಥಗಳು ಹಾಗೂ ರಾತ್ರಿ ಕೇಳಿಬಂದ ಒಂದು ಸಣ್ಣ ಶಬ್ದ.

ಉಲ್ಲೇಖ: (ಅ) ಖಾಲಿ ಸೀಸೆಗಳನ್ನು ತೊಳೆದು ಮರಳಿಸಿದವರಿಗೆ ಮಾತ್ರ ಮುಂದಿನ ಔಷಧ ಕೊಡುವ ಬಗ್ಗೆ ಹಿಂದಿನ ಮುಂಬಯಿ ಸರಕಾರದ ಸ್ಥಾಯೀ ಆದೇಶ. (ಮೂಲ ಪ್ರತಿಯನ್ನು ಗೆದ್ದಲು ತಿಂದಿದೆ. ಆದೇಶ ಜಾರಿಯಲ್ಲಿದೆ.)
(ಆ) ಕಾವಲುಗಾರ ಹುಚ್ಚಪ್ಪನ ಬಾಯಿಮಾತಿನ ವರದಿ.

ಪೀಠಿಕೆ

ಕೇಶ್ವಾಪುರದ ತಾಯಿ-ಮಕ್ಕಳ ಕೇಂದ್ರದ ಉಗ್ರಾಣದಲ್ಲಿ, ಊರೆಲ್ಲ ಮಲಗಿದ್ದ ಹೊತ್ತಿಗೆ, 'ಟಿಕ್' ಎಂಬ ಸಣ್ಣ ಶಬ್ದವೊಂದು ಕೇಳಿಬಂದಿರುವುದಾಗಿ ಸದರಿ ಹುಚ್ಚಪ್ಪ ವರದಿ ಮಾಡಿರುತ್ತಾನೆ. ಇಲಿಯಿರಬಹುದೇ ಎಂದು ವಿಚಾರಿಸಲಾಗಿ, "ಇಲಿ ಆಗಿದ್ರ ಕರಕರ ಅಂತಿತ್ರಿ ಸಾಹೇಬ್ರ. ಒಮ್ಮೆ ಶುರು ಮಾಡಿದ್ರ ಅದು ನಿಲ್ಲಸೂದಿಲ್ಲ. ಇದು ಒಂದಽ ಸಲ ಟಿಕ್ ಅಂತು, ನಾ ಕೆಮ್ಮಿದ ಕೂಡ್ಲೇ ಸುಮ್ಮನಾತು. ಇಲಿಗೆ ಅಷ್ಟು ಮರ್ಯಾದಿ ಎಲ್ಲಿಂದ ಬರಬೇಕ್ರಿ?" ಎಂದು ಹೇಳಿಕೆ ಕೊಟ್ಟಿರುತ್ತಾನೆ. ಎದ್ದು ಹೋಗಿ ನೋಡಲಿಲ್ಲವೇಕೆ ಎಂಬುದಕ್ಕೆ, ತನ್ನನ್ನು ನೇಮಿಸಿದ್ದು ಕಾಯಲಿಕ್ಕೆ, ನೋಡಲಿಕ್ಕಲ್ಲ ಎಂದು ತಿಳಿಸಿರುತ್ತಾನೆ. ವಿವರಣೆಯನ್ನು ಒಪ್ಪಿಕೊಳ್ಳಲಾಗಿದೆ.

ಸದರಿ ಶಬ್ದದ ಕಾರಣವು ಎಲ್ಲರಿಗೂ ತಿಳಿಯುವಂತೆ, ಅಥವಾ ಯಾರಿಗೂ ತಿಳಿಯದಂತೆ, ಈ ಕೆಳಗಿನ ಕಲಮುಗಳನ್ನು ಹೊರಡಿಸಲಾಗಿದೆ.

೧. ಹೆಸರು. ರಕ್ತ ಕಡಿಮೆಯಿರುವ ಬಸುರಿಯರಿಗೆ ಹಂಚಲೆಂದು, ಕಬ್ಬಿಣದ ಸತ್ವ ತುಂಬಿದ ಕ್ಯಾಪ್ಸೂಲುಗಳು ಸದರಿ ಕೇಂದ್ರಕ್ಕೆ ಸರಬರಾಜಾಗಿವೆ. ಕ್ಯಾಪ್ಸೂಲೆಂದರೆ ಒಳಗೆ ಪುಡಿ, ಹೊರಗೆ ಒಂದರೊಳಗೊಂದು ಕೂರುವ ಎರಡು ತೆಳ್ಳನೆಯ ಅರೆಗಳು. ಹೆಂಗಸರು ಇದನ್ನು 'ಟೊಪ್ಪಿಗಿ ಗುಳಿಗಿ' ಎಂದು ಕರೆಯುತ್ತಿರುವುದು ಗಮನಕ್ಕೆ ಬಂದಿದೆ. ಹಿರಿಯ ಅಧಿಕಾರಿಗಳೂ ಟೊಪ್ಪಿಗೆ ಧರಿಸುವುದರಿಂದ ಈ ಪದವನ್ನು ಯಾರೂ ಬಳಸತಕ್ಕದ್ದಲ್ಲ. ಬೇರೆ ಪದ ಮಂಜೂರಾಗುವವರೆಗೆ ಈ ಸುತ್ತೋಲೆಯಲ್ಲಿ ಅದನ್ನೇ ಬಳಸಲಾಗಿದೆ.

೨. ನಿಷ್ಕ್ರಿಯ ಪದಾರ್ಥಗಳು. ಡಬ್ಬಿಯೊಡನೆ ಬಂದ ಚೀಟಿಯ ಪ್ರಕಾರ ಟೊಪ್ಪಿಗೆಯೊಳಗೆ ಕಬ್ಬಿಣ ಸ್ವಲ್ಪ; ಉಳಿದದ್ದು ಪಿಷ್ಟ, ಹಾಲಿನ ಸಕ್ಕರೆ ಮತ್ತು ಬಳಪದ ಕಲ್ಲಿನ ನುಣ್ಣನೆಯ ಪುಡಿ. ಇವುಗಳನ್ನು 'ನಿಷ್ಕ್ರಿಯ' ಎಂದು ನಮೂದಿಸಲಾಗಿದೆ. ಕೆಲಸ ಮಾಡದವುಗಳಿಗೆ ಇಷ್ಟು ಜಾಗ ಏಕೆ ಎಂದು ವಿಭಾಗಾಧಿಕಾರಿ ಗುರುಸಿದ್ದಯ್ಯನವರು ತಯಾರಕರಿಗೆ ಖಾರವಾಗಿ ಬರೆದಿದ್ದರು. ನಿಷ್ಕ್ರಿಯ ಪದಾರ್ಥಗಳಿಲ್ಲದೆ ಹೋದರೆ ಸಕ್ರಿಯ ಪದಾರ್ಥವು ಟೊಪ್ಪಿಗೆಯ ಮೂಲೆಯಲ್ಲೆಲ್ಲೋ ಕಳೆದುಹೋಗುತ್ತದೆಂದೂ, ಜಾಗ ತುಂಬುವುದೇ ಅವುಗಳ ಕರ್ತವ್ಯವೆಂದೂ ಉತ್ತರ ಬಂದಿತು. ಮಾನ್ಯರು ಆ ಉತ್ತರಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ತೂಗಹಾಕಿರುತ್ತಾರೆ. ಇನ್ನು ಮುಂದೆ ನಿಷ್ಕ್ರಿಯ ಪದಾರ್ಥಗಳ ಬಗ್ಗೆ ಯಾರೂ ಹಗುರವಾಗಿ ಮಾತನಾಡಕೂಡದೆಂದು ಎಚ್ಚರಿಸಲಾಗಿದೆ.

೩. ಟೊಪ್ಪಿಗೆಯ ಮೂಲ. ದುರ್ಗದಬೈಲಿನ ಹತ್ತಿ ವ್ಯಾಪಾರಸ್ಥರ ಮನೆಯ ಹಿರಿಯಳಾದ ನೀಲವ್ವ, ತನ್ನ ಬಸುರಿ ಸೊಸೆ ಮುರಿಗೆವ್ವಳನ್ನು ಕೇಂದ್ರಕ್ಕೆ ಕರೆತಂದಿದ್ದಾಗ, ಬೆವರಿದ ಅಂಗೈಗೆ ಅಂಟಿಕೊಂಡ ಕ್ಯಾಪ್ಸೂಲೊಂದನ್ನು ಮೂಗಿಗೆ ಹಿಡಿದು, ನರ್ಸ್ ಶಿವಬಸವ್ವಳನ್ನು ಹೀಗೆ ಕೇಳಿರುತ್ತಾಳೆ: "ಏನವಾ ತಂಗಿ, ಇದು ಬಡಗ್ಯಾರ ಸರೇಸಿನ ವಾಸನಿ ಹೊಡ್ಯಾಕತ್ತೇತಲ್ಲ? ಕುರ್ಚಿ ಕಾಲಿಗೆ ಹಚ್ಚೂ ಸರೇಸು ಎಲುಬು ಕುದಿಸಿ ಮಾಡ್ತಾರ. ಲಿಂಗಾ ಕಟ್ಟಿದ ಕೊಳ್ಳಾಗ ಇದನ್ನ ಹೆಂಗವಾ ಇಳಸೂದು?"

ಶಿವಬಸವ್ವ ಹಂಗಾಮಿ ನರ್ಸ್. ಆಕೆಯನ್ನು ಕಾಯಂ ಮಾಡುವ ಕಡತವು ಗುರುಸಿದ್ದಯ್ಯನವರ ಮೇಜಿನ ಮೇಲಿದೆ. ಗೊತ್ತಿಲ್ಲ ಎನ್ನುವುದು ಇಲಾಖೆಯಲ್ಲಿ ಎಲ್ಲರಿಗೂ ತೆರೆದಿರುವ ದಾರಿ. ಆಕೆ ಆ ದಾರಿ ಹಿಡಿಯದೆ, ತಾನೂ ಕೊರಳಲ್ಲಿ ಲಿಂಗವಿರುವವಳಾದರೂ, "ಖರೇ ಐತ್ರಿ ಅವ್ವಾರ. ಎಲುಬು, ತೊಗಲು ಕುದಿಸಿ ಮಾಡಿದ್ದಂತ ಚೀಟ್ಯಾಗ ಬರದಾರ. ಆದ್ರ ಟೊಪ್ಪಿಗಿ ತಗದು ಬರೇ ಪುಡಿ ಕುಡದ್ರ ಹೊಟ್ಟಿ ತೊಳಸ್ತೈತಿ" ಎಂದುಬಿಟ್ಟಳು. ಸರದಿಯಲ್ಲಿ ಹಿಂದೆ ನಿಂತಿದ್ದ ದಾವಲಬಿ ಎಂಬಾಕೆ ಕೂಡಲೇ, "ಯಾವ ಪ್ರಾಣಿದ್ದು ಅಕ್ಕಾರ? ಅದೊಂದು ಹೇಳಿಬಿಡ್ರಿ, ನಂದೂ ನುಂಗೂದೋ ಬಿಡೂದೋ ನಿಕಾಲಿ ಆಗ್ಲಿ" ಎಂದಳು. ಚೀಟಿಯಲ್ಲಿ ಅದಿರಲಿಲ್ಲ. ಅಂದು ಎಲ್ಲರೂ ಕ್ಯಾಪ್ಸೂಲುಗಳನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೋದರು.

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ತಪ್ಪಿಗಾಗಿ ಶಿವಬಸವ್ವಳಿಗೆ ಮೆಮೊ ಕೊಡಲಾಗಿದೆ. ಇನ್ನೊಂದು ತಪ್ಪು ಕಂಡುಬಂದರೆ ನೌಕರಿಯಿಂದ ತೆಗೆಯಲಾಗುವುದು.

೪. ತೀರ್ಮಾನ. ಸದರಿ ಗೊಂದಲವನ್ನು ಮಾನ್ಯ ಗುರುಸಿದ್ದಯ್ಯನವರು ಒಂದೇ ಮಧ್ಯಾಹ್ನದಲ್ಲಿ ಪರಿಹರಿಸಿದರು. ಟೊಪ್ಪಿಗೆ ಎಂಬುದು ಔಷಧವಲ್ಲ, ಪಾತ್ರೆ. ಪಾತ್ರೆಯನ್ನು ಯಾರೂ ತಿನ್ನುವುದಿಲ್ಲ. ತಿನ್ನದ ವಸ್ತು ಯಾವುದರಿಂದಾಗಿದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರಾಣಿಯ ಹೆಸರನ್ನು ಯಾರಿಗೂ ತಿಳಿಸದೆ ಇರುವುದರಿಂದ ಎಲ್ಲ ಮತಸ್ಥರ ಭಾವನೆಗಳನ್ನೂ ಸಮನಾಗಿ ಗೌರವಿಸಿದಂತಾಗಿದೆ.

ಮಾನ್ಯರು ತಮ್ಮ ಸುಸ್ತಿಗೆಂದು ಮುಂಬಯಿಯಿಂದ ತರಿಸಿ, ಪೂಜೆ ಮುಗಿಸಿ ಹಾಲಿನೊಡನೆ ಇಡಿಯಾಗಿ ನುಂಗುವ ಕ್ಯಾಪ್ಸೂಲುಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಅವುಗಳ ಟೊಪ್ಪಿಗೆ ಪಾರದರ್ಶಕವಾಗಿದ್ದು, ಆಕ್ಷೇಪಾರ್ಹವಾದದ್ದೇನೂ ಒಳಗೆ ಕಾಣಿಸಿರುವುದಿಲ್ಲ.

೫. ಮರಳಿಸುವ ವಿಧಾನ. ಟೊಪ್ಪಿಗೆಯು ಪಾತ್ರೆಯೆಂದು ತೀರ್ಮಾನವಾದ ಮೇಲೆ, ಉಲ್ಲೇಖ (ಅ)ರ ಸೀಸೆಗಳ ಆದೇಶ ತಾನಾಗಿಯೇ ಅದಕ್ಕೂ ಅನ್ವಯಿಸಿತು. ಆದ್ದರಿಂದ ಫಲಾನುಭವಿಯು ಟೊಪ್ಪಿಗೆ ಬಿಚ್ಚಿ, ಪುಡಿಯನ್ನು ಮಜ್ಜಿಗೆಯಲ್ಲಿ ಕುಡಿದು, ಖಾಲಿ ಟೊಪ್ಪಿಗೆಯನ್ನು ತೊಳೆದು, ಒರೆಸಿ ಮರಳಿಸತಕ್ಕದ್ದು. ಖಾಲಿ ತಂದವರಿಗೆ ಮಾತ್ರ ತುಂಬಿದ್ದನ್ನು ಕೊಡತಕ್ಕದ್ದು. ಹೆಂಗಸರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸರಕಾರಿ ದವಾಖಾನೆಗೆ ಅವರು ಅಜ್ಜಿಯರ ಕಾಲದಿಂದ ಖಾಲಿ ಸೀಸೆ ಹಿಡಿದೇ ಬರುತ್ತಿದ್ದರು. ಈಗ ಸೆರಗಿನ ಗಂಟಿನಲ್ಲಿ ಖಾಲಿ ಟೊಪ್ಪಿಗೆ ತಂದರು.

ಬಂದ ಟೊಪ್ಪಿಗೆಗಳನ್ನು ಬಿಸ್ಕೀಟಿನ ತಗಡಿನ ಡಬ್ಬದಲ್ಲಿಟ್ಟು ಬೀಗ ಹಾಕಲಾಗಿದೆ. ತುಂಬಿದ ಕ್ಯಾಪ್ಸೂಲುಗಳ ಕಪಾಟಿಗೆ ಬೀಗವಿಲ್ಲ. ಇಲಾಖೆಯಲ್ಲಿದ್ದುದು ಒಂದೇ ಬೀಗ.

೬. ತೊಳೆಯುವುದರಿಂದ ಉಂಟಾದ ತೊಡಕು. ಟೊಪ್ಪಿಗೆಗೆ ನೀರು ತಗುಲಿದರೆ ಅದು ಅಂಟಾಗುತ್ತದೆ, ಬಿಸಿನೀರು ತಗುಲಿದರೆ ಇಲ್ಲವಾಗುತ್ತದೆ. ಎಲುಬಿನದೆಂದು ತಿಳಿದ ವಸ್ತುವನ್ನು ತಣ್ಣೀರಿನಲ್ಲಿ ತೊಳೆದು ಮನೆಯಲ್ಲಿಡುವವಳಲ್ಲ ನೀಲವ್ವ. ಆಕೆ ತಾನೇ ಕೂತು ಸೊಸೆಗಾಗಿ ಟೊಪ್ಪಿಗೆಗಳನ್ನು ಬಿಚ್ಚಿ, ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸಿ, ಖಾಲಿಯನ್ನು ಕುದಿನೀರಿಗೆ ಹಾಕಿ, ಮೇಲೆ ಒಂದು ಚಿಟಿಕೆ ಬೂದಿ ಉದುರಿಸಿ ತೊಳೆದಳು. ಮರಳಿಸಲು ಏನೂ ಉಳಿಯಲಿಲ್ಲ. ಅತ್ಯಂತ ಸ್ವಚ್ಛವಾಗಿ ತೊಳೆದ ಫಲಾನುಭವಿಗೇ ಔಷಧವನ್ನು ನಿಲ್ಲಿಸಲಾಯಿತು.

ಕುಡಿಸಿದ ಪುಡಿಯೂ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಟೊಪ್ಪಿಗೆ ಇರುವುದೇ ಆ ಕಹಿಯನ್ನು ನಾಲಿಗೆಯಿಂದ ದೂರವಿಡಲು ಎಂಬುದು ಚೀಟಿಯಲ್ಲಿದ್ದರೂ, ಚೀಟಿಯನ್ನು ಓದಿದವಳಿಗೆ ಮೆಮೊ ಕೊಡಲಾಗಿದ್ದರಿಂದ ಮತ್ತೆ ಯಾರೂ ಅದನ್ನು ಓದಿರುವುದಿಲ್ಲ.

೭. ಶಬ್ದದ ನಿಜವಾದ ಕಾರಣ. ಈ ಕಲಮನ್ನು ದಾಖಲೆಗೆ ತೆಗೆದುಕೊಂಡಿಲ್ಲ. ತೆಗೆದುಕೊಳ್ಳದಿರುವ ಸಂಗತಿ ಹೀಗಿದೆ:

ಮುರಿಗೆವ್ವ ಬರಿಗೈಯಲ್ಲಿ ಹಿಂದಿರುಗಬೇಕಾದ ದಿನ ಶಿವಬಸವ್ವ ಆಕೆಯ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ನೀಲವ್ವನ ಹಿರಿಯ ಮಗಳು ಗಂಗವ್ವ ಇಂಥದೇ ಬಿಳಿಯ ಮುಖ ಹೊತ್ತು, ಹೆರಿಗೆಯಲ್ಲಿ, ಇದೇ ಕೇಂದ್ರದ ಮಂಚದ ಮೇಲೆ ತೀರಿಕೊಂಡದ್ದು ಶಿವಬಸವ್ವಳಿಗೆ ಗೊತ್ತಿತ್ತು. ಆ ರಾತ್ರಿ ಕಂದೀಲು ಹಿಡಿದು ನಿಂತವಳು ಆಕೆಯೇ. ಆದೇಶ ಮೀರಿ ಔಷಧ ಕೊಟ್ಟರೆ ಖಾಲಿಯ ಲೆಕ್ಕ ತಪ್ಪಿ ತನ್ನ ನೌಕರಿ ಹೋಗುತ್ತದೆ. ಕೊಡದಿದ್ದರೆ ಏನು ಹೋಗುತ್ತದೆ ಎಂಬುದಕ್ಕೆ ಇಲಾಖೆಯಲ್ಲಿ ಲೆಕ್ಕ ಇಡುವ ಪದ್ಧತಿಯಿಲ್ಲ.

ಡಬ್ಬದ ಬೀಗ ಇದ್ದುದು ಮುಂದುಗಡೆ. ಹಿಂದಿನ ಕೀಲು ಎಂದೋ ಕಿತ್ತು ಹೋಗಿತ್ತು. ಕೇಂದ್ರದ ಹಿತ್ತಲ ಕೋಣೆಯಲ್ಲೇ ವಾಸವಿರುವ ಶಿವಬಸವ್ವ ಆ ರಾತ್ರಿ ಮುಚ್ಚಳವನ್ನು ಹಿಂದಿನಿಂದ ಎತ್ತಿದಾಗ ತಗಡು 'ಟಿಕ್' ಎಂದಿತು. ಹುಚ್ಚಪ್ಪ ಕೆಮ್ಮಿದ. ಆಕೆ ಗೋಡೆಗೆ ಬೆನ್ನು ಹಚ್ಚಿ, ಅವನ ಗೊರಕೆ ಮತ್ತೆ ಶುರುವಾಗುವವರೆಗೆ ನಿಂತಳು. ಅಂಟಿಕೊಳ್ಳದೆ ಉಳಿದಿದ್ದ ಒಂದು ಹಿಡಿ ಒಣ ಟೊಪ್ಪಿಗೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ಪರೀಕ್ಷೆಯ ನೆಪದಲ್ಲಿ ಪರದೆಯ ಹಿಂದೆ ಮುರಿಗೆವ್ವಳನ್ನು ಕೂರಿಸಿ, "ಇವು ತಿರುಗಿ ಕೊಡಾಕ. ತುಂಬಿದ್ದನ್ನ ಬಿಚ್ಚಬ್ಯಾಡ, ಇದ್ದಂಗಽ ನುಂಗು. ಎಲುಬಿಂದಽ ಮಾಡಿದ್ದೈತಿ ಅದು, ನಾ ಸುಳ್ಳು ಹೇಳೂದಿಲ್ಲ. ನುಂಗೂದು ಬಿಡೂದು ನಿನ್ನ ಮನಸು" ಎಂದಳು.

ಮುರಿಗೆವ್ವ ಖಾಲಿಗಳನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಆಮೇಲೆ, "ಲಿಂಗಪ್ಪಗ ನಾನಽ ಹೇಳ್ಕೋತೇನ್ರಿ ಅಕ್ಕಾರ. ನಮ್ಮತ್ತಿಗೆ ಮಾತ್ರ ನೀವು ಹೇಳಬ್ಯಾಡ್ರಿ" ಎಂದಳು.

ಅಂದಿನಿಂದ ಮುರಿಗೆವ್ವ, ತಾನೇ ಬಿಚ್ಚಿ ಕುಡಿಯುವುದಾಗಿ ಅತ್ತೆಗೆ ಹೇಳಿ, ಬಚ್ಚಲಮನೆಗೆ ಹೋಗಿ ನುಂಗುತ್ತಾ, ಶಿವಬಸವ್ವ ವಾರವಾರ ಕೊಟ್ಟ ಖಾಲಿಗಳನ್ನು ಮರಳಿಸುತ್ತಾ ಬಂದಿರುತ್ತಾಳೆ.

೮. ತಪಾಸಣೆ. ಹುಚ್ಚಪ್ಪನ ವರದಿಯ ಮೇಲೆ ಡಬ್ಬವನ್ನು ತೆರೆಯಲಾಗಿ, ಮಳೆಗಾಲದ ತೇವಕ್ಕೆ ಟೊಪ್ಪಿಗೆಗಳೆಲ್ಲ ಅಂಟಿಕೊಂಡು ಒಂದೇ ಗಡ್ಡೆಯಾಗಿರುವುದು ಕಂಡುಬಂದಿದೆ. ಎಣಿಸಲು ಸಾಧ್ಯವಾಗದ್ದರಿಂದ ತೂಗಲಾಯಿತು. ತೂಕ ಇರಬೇಕಾದುದಕ್ಕಿಂತ ಹೆಚ್ಚಿತ್ತು. ಕಳುವಾಗುವುದರಿಂದ ಸರಕು ಹೆಚ್ಚಾದ ಉದಾಹರಣೆ ಇಲಾಖೆಯಲ್ಲಿ ಇದೇ ಮೊದಲನೆಯದು. ಹೆಚ್ಚಳಕ್ಕೆ ಕಾರಣ ತಿಳಿಸುವಂತೆ ಮಳೆಯ ಉಸ್ತುವಾರಿಯಿರುವ ಕಚೇರಿಗೆ ಬರೆಯಲಾಗಿದೆ.

೯. ಆದರ್ಶ ಫಲಾನುಭವಿ. ಹೀಗಿರುವಲ್ಲಿ, ಒಬ್ಬ ಫಲಾನುಭವಿ ಮಾತ್ರ ಪ್ರತಿ ವಾರ ಒಂದೂ ಅಂಟದ, ಒಂದೂ ಮುಕ್ಕಾಗದ ಟೊಪ್ಪಿಗೆಗಳನ್ನು ಮರಳಿಸುತ್ತಿರುವುದು ಮಾನ್ಯರ ಕಣ್ಣಿಗೆ ಬಿದ್ದಿತು. ಆಕೆಯ ವಿಧಾನವನ್ನು ಕಣ್ಣಾರೆ ಕಂಡು ವಿಭಾಗಕ್ಕೆಲ್ಲ ಮಾದರಿಯಾಗಿ ಹೊರಡಿಸಲು, ಗುರುಸಿದ್ದಯ್ಯನವರು ನರ್ಸ್ ಶಿವಬಸವ್ವಳನ್ನೂ, ಶಬ್ದದ ಸಾಕ್ಷಿಯಾದ ಹುಚ್ಚಪ್ಪನನ್ನೂ ಜೊತೆಗಿಟ್ಟುಕೊಂಡು ದುರ್ಗದಬೈಲಿನ ಮನೆಗೆ ಭೇಟಿ ಕೊಟ್ಟರು. ಟಾಂಗಾದಲ್ಲಿ ಶಿವಬಸವ್ವ ಪಕ್ಕದ ಸರಳನ್ನು ಬಿಡದೆ ಹಿಡಿದಿದ್ದುದನ್ನು ರಸ್ತೆಯ ತಗ್ಗುಗಳ ಲೆಕ್ಕಕ್ಕೆ ಸೇರಿಸಲಾಗಿದೆ.

ಪಡಸಾಲೆಯಲ್ಲಿ ಜಮಖಾನೆ ಹಾಸಲಾಯಿತು. ಮಾನ್ಯರು ಒಂದು ಕ್ಯಾಪ್ಸೂಲನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು, "ಹ್ಞಾಂ, ದಿನಾ ಹೆಂಗ ಬಿಚ್ಚತಿ ತೋರಸವಾ. ಸರಕಾರ ನಿನ್ನ ನೋಡಿ ಕಲಿಯೂದೈತಿ" ಎಂದರು.

ಮುರಿಗೆವ್ವ ಒಂದು ದಿನವೂ ಅದನ್ನು ಬಿಚ್ಚಿದವಳಲ್ಲ. ಮೊದಲು ಅತ್ತೆ ಬಿಚ್ಚುತ್ತಿದ್ದಳು. ಆಮೇಲೆ ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಆಕೆ ಎರಡು ತುದಿ ಹಿಡಿದು ಒತ್ತಿದಳು. ಟೊಪ್ಪಿಗೆ ನಡುವೆ ತಗ್ಗು ಬಿದ್ದಿತು. ತಿರುಪಿದಳು, ಜಾರಿ ಜಮಖಾನೆಯ ಮೇಲೆ ಉರುಳಿತು.

"ಯಾಕವಾ? ದಿನದ ಕೆಲಸ, ಇವತ್ತ ಯಾಕ ಕೈ ತಪ್ಪಾಕತ್ತೈತಿ?" ಎಂದು ಗುರುಸಿದ್ದಯ್ಯನವರು ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಾಗಿದರು. ಶಿವಬಸವ್ವ ಬಾಯಿ ತೆರೆದಳು. ಸರಿಯಾದ ಉತ್ತರ ಆಕೆಯ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ನೀಲವ್ವ ಅಷ್ಟರಲ್ಲಿ, "ಮೂರ್ಮೂರು ಮಂದಿ ಎದುರಿಗೆ ಕುಂತು ಕಣ್ಣಾಗ ಕಣ್ಣಿಟ್ಟು ನೋಡಿದ್ರ ಬಸರಿ ಕೈ ತಪ್ಪೂದಿಲ್ಲೇನ್ರಿ ಸಾಹೇಬ್ರ? ನೀವಽ ಬಿಚ್ಚಿ ನೋಡ್ರಿ ಬೇಕಾದ್ರ. ಸರಿ ಮುರಿಗೆವ್ವಾ, ಕೊಡ ಇಲ್ಲಿ" ಎಂದು ಕೂತಳು. ಸೆರಗಿಗೆ ಬೆರಳು ಒರೆಸಿಕೊಂಡು, ಕ್ಯಾಪ್ಸೂಲನ್ನು ಎರಡೂ ಕೈಯ ಉಗುರುಗಳಲ್ಲಿ ಹಿಡಿದು ಹಗುರಾಗಿ ತಿರುಪಿದಳು.

ಟಿಕ್.

"ಸಾಹೇಬ್ರ! ಇದಽ ಸಪ್ಪಳಾ! ನನ್ನ ಕಿವಿ ಮ್ಯಾಲೆ ಆಣಿ, ಇದಽ!" ಎಂದು ಹುಚ್ಚಪ್ಪ ಎದ್ದು ನಿಂತ.

ಗುರುಸಿದ್ದಯ್ಯನವರು ಕಣ್ಣು ಮುಚ್ಚಿ ಯೋಚಿಸಿ, ಆ ರಾತ್ರಿ ಉಗ್ರಾಣದಲ್ಲಿ ಒಂದು ಕ್ಯಾಪ್ಸೂಲು ಯಾರ ಸಹಾಯವೂ ಇಲ್ಲದೆ ತಾನೇ ಬಿಚ್ಚಿಕೊಂಡಿತೆಂದು ತೀರ್ಮಾನಿಸಿದರು. ತನಿಖೆ ಅಲ್ಲಿಗೆ ಮುಗಿಯಿತು.

ನೀಲವ್ವ ಪುಡಿಯನ್ನು ಮಜ್ಜಿಗೆಗೆ ಸುರುವಿ, ಬೆರಳಿಂದ ಕದಡಿ, ಬಟ್ಟಲನ್ನು ತನ್ನ ಬಾಯಿಗೇ ಎತ್ತಿದಳು. "ಇವತ್ತಿಂದು ಅಕಿ ಮುಂಜಾನೇನ ಕುಡದಾಳ್ರಿ. ಸರಕಾರದ ಮಾಲು ಹಾಳಾಗಬಾರದಲ್ಲ." ಕೊನೆಯ ಗುಟುಕಿನವರೆಗೆ ಆಕೆಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇದರಿಂದ ಸದರಿ ಪುಡಿಯು ರುಚಿಕರವಾಗಿದೆಯೆಂದು ನಮೂದಿಸಿಕೊಳ್ಳಲಾಗಿದೆ.

ಹೊರಡುವಾಗ ಮಾನ್ಯರು ಟಾಂಗಾ ಹತ್ತುವವರೆಗೆ ಕಾದು, ನೀಲವ್ವ ಹೊಸ್ತಿಲಲ್ಲಿ ಶಿವಬಸವ್ವಳ ಮುಂಗೈ ಹಿಡಿದಳು. ಇದನ್ನೂ ದಾಖಲೆಗೆ ತೆಗೆದುಕೊಂಡಿಲ್ಲ.

"ಮಜ್ಜಿಗಿ ಬಟ್ಟಲಾ ತಿಕ್ಕಾಕಿ ನಾನಽ ತಂಗಿ. ಮೊದ್ಲು ದಿನಾ ಕಂದು ಕಲೆ ಹಿಡೀತಿತ್ತು, ಬೂದಿ ಹಾಕಿ ತಿಕ್ಕಿದ್ರೂ ಹೋಗಂದ್ರ ಹೋಗ್ತಿದ್ದಿಲ್ಲ. ಈಗ ಬಟ್ಟಲಾ ಸ್ವಚ್ಛ. ಸೊಸಿ ತುಟಿ ಕೆಂಪ."

ಶಿವಬಸವ್ವ, "ಅವ್ವಾರ, ತಪ್ಪು ನಂದು, ಅಕಿದಲ್ಲ" ಎನ್ನಹೋದಳು.

"ನಾ ಏನರ ಕೇಳಿದೆನೇನು? ನನ್ನ ಗಂಗವ್ವನ ಪಾಲಿಗೆ ಹಿಂಗ ಸುಳ್ಳು ಆಡಾಕ ಯಾರೂ ಇದ್ದಿದ್ದಿಲ್ಲ." ಕೈ ಬಿಟ್ಟಳು. "ಹೋಗ್, ಟಾಂಗಾ ಹೊಂಟೈತಿ. ಮುಂದಿನ ವಾರದ್ದು ಮರೀಬ್ಯಾಡ."

೧೦. ಆದೇಶ. ಮೇಲ್ಕಂಡ ಎಲ್ಲ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸದೆ, ಈ ಮುಂದಿನಂತೆ ನಡೆದುಕೊಳ್ಳಬೇಕೆಂದು ಸಂಬಂಧಪಟ್ಟವರಿಗೆ ತಿಳಿಯಪಡಿಸಿದೆ:

(ಅ) ವಿಭಾಗದ ಎಲ್ಲ ಬಸುರಿಯರೂ ಟೊಪ್ಪಿಗೆಯನ್ನು ನೀಲವ್ವನವರ ಪದ್ಧತಿಯಂತೆ ಬಿಚ್ಚತಕ್ಕದ್ದು. ಪುಡಿಯನ್ನು ಅವರವರ ಅತ್ತೆಯರು ಕುಡಿಯತಕ್ಕದ್ದು.

(ಆ) ರಾತ್ರಿಯ ವೇಳೆ ಕ್ಯಾಪ್ಸೂಲುಗಳು ತಾವಾಗಿ ಬಿಚ್ಚಿಕೊಳ್ಳುವುದನ್ನು ನಿಷೇಧಿಸಲಾಗಿದೆ. ತೀರಾ ಅನಿವಾರ್ಯವಾದಲ್ಲಿ ಕಚೇರಿಯ ವೇಳೆಯಲ್ಲಿ, ಲಿಖಿತ ಅನುಮತಿಯೊಂದಿಗೆ ಬಿಚ್ಚಿಕೊಳ್ಳಬಹುದು.

(ಇ) ಡಬ್ಬದಲ್ಲಿರುವ ಗಡ್ಡೆಯನ್ನು ಬಿಸಿನೀರಿನಲ್ಲಿ ಕರಗಿಸಿ, ಈ ಸುತ್ತೋಲೆಯನ್ನು ಗೋಡೆಗೆ ಹಚ್ಚಲು ಬಳಸತಕ್ಕದ್ದು. ಬೇರೆ ಅಂಟು ತರಿಸತಕ್ಕದ್ದಲ್ಲ. ಇದು ಯಾವುದರಿಂದಾದ ಅಂಟು ಎಂದು ಸಾರ್ವಜನಿಕರು ಕೇಳಿದಲ್ಲಿ, ಪಾತ್ರೆಯಿಂದಾದದ್ದು ಎಂದು ಉತ್ತರಿಸತಕ್ಕದ್ದು.

(ಈ) ಅಧಿಕಾರಿಗಳು ಸುತ್ತೋಲೆಗಳ ವಿಷಯದ ಸಾಲನ್ನೂ ಸಹಿಯ ಜಾಗವನ್ನೂ ಮಾತ್ರ ಓದುವ ಈಗಿನ ಪದ್ಧತಿಯನ್ನು ಮುಂದುವರಿಸತಕ್ಕದ್ದು. ಈ ಸುತ್ತೋಲೆಯು ಹೊರಬೀಳುವುದು ಸದರಿ ಪದ್ಧತಿಯಿಂದಲೇ ಸಾಧ್ಯವಾಗಿದೆ.

(ಉ) ಮುರಿಗೆವ್ವಳಿಗೆ ಹೆರಿಗೆಯಾಗುವವರೆಗೆ ಕ್ಯಾಪ್ಸೂಲುಗಳನ್ನು ತಪ್ಪದೆ ಕೊಡತಕ್ಕದ್ದು. ಆದರ್ಶ ಫಲಾನುಭವಿಯು ರಕ್ತವಿಲ್ಲದೆ ತೀರಿಕೊಂಡರೆ ಮಾದರಿಗೆ ಧಕ್ಕೆಯಾಗುತ್ತದೆ.

(ಊ) ನರ್ಸ್ ಶಿವಬಸವ್ವಳ ಮೇಲಿನ ಮೆಮೊವನ್ನು, ಆಕೆ ದುರ್ಗದಬೈಲಿನಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಡದೆ ಇದ್ದುದನ್ನು ಮೆಚ್ಚಿ, ಹಿಂತೆಗೆದುಕೊಳ್ಳಲಾಗಿದೆ. ಕಾಯಂ ಮಾಡುವ ಕಡತವು ಮೇಜಿನ ಮೇಲೆ ಜಾಗ ತುಂಬುವ ಕರ್ತವ್ಯವನ್ನು ನಿರ್ವಹಿಸುತ್ತಾ ಮುಂದುವರಿದಿದೆ.

(ಸಹಿ ಇದೆ, ಅಕ್ಷರ ತಿಳಿಯುವುದಿಲ್ಲ)
ಗುರುಸಿದ್ದಯ್ಯ
ವಿಭಾಗಾಧಿಕಾರಿ, ಇಲಾಖೆ
ಹುಬ್ಬಳ್ಳಿ

ಪ್ರತಿಗಳು:

೧. ಕೇಶ್ವಾಪುರ ಕೇಂದ್ರದ ಹೊರಗೋಡೆಗೆ. (ತೇವವಿದ್ದಲ್ಲಿ ತಾನೇ ಅಂಟಿಕೊಳ್ಳುವುದು.)

೨. ಕಾವಲುಗಾರ ಹುಚ್ಚಪ್ಪನಿಗೆ, ಕೆಮ್ಮುವ ಮುನ್ನ ಎದ್ದು ನೋಡಬಾರದೆಂಬ ಸೂಚನೆಯೊಂದಿಗೆ.

೩. ಶ್ರೀಮತಿ ದಾವಲಬಿಯವರಿಗೆ. ಪ್ರಾಣಿಯ ಹೆಸರು ಪರಿಶೀಲನೆಯಲ್ಲಿದೆ.

೪. ಕ್ಯಾಪ್ಸೂಲು ತಯಾರಕರಿಗೆ, ಎರಡನೆಯ ಚೌಕಟ್ಟಿಗಾಗಿ ಇನ್ನೊಂದು ಅಂಥದೇ ವಾಕ್ಯ ಕಳಿಸುವಂತೆ ಕೋರಿ.

೫. ನರ್ಸ್ ಶಿವಬಸವ್ವಳಿಗೆ. ಪ್ರತಿಯನ್ನು ಎರಡು ಸಲ ಓದಿ, ಮಡಿಚಿ, ಒಲೆಗೆ ಹಾಕಿರುತ್ತಾಳೆ.

೬. ಶ್ರೀಮತಿ ನೀಲವ್ವನವರಿಗೆ, ದುರ್ಗದಬೈಲ್. ಪ್ರತಿ ತಲುಪಿದ್ದಕ್ಕೆ ಹೆಬ್ಬೆಟ್ಟು ಕೇಳಲಾಗಿ, "ನನಗ ಓದಾಕ ಬರೂದಿಲ್ಲಪಾ. ಬಂದಿದ್ರೂ ಯಾರಿಗೂ ಹೇಳ್ತಿದ್ದಿಲ್ಲ" ಎಂದು ತಿಳಿಸಿರುತ್ತಾರೆ.